ಕತ್ತಿನ ಕೊಳೆಸೋಂಕು: ಆಕ್ಸಿಜನ್ ಚೇಂಬರ್ ಚಿಕಿತ್ಸೆ ಹೇಗೆ?

ಕೆಳದವಡೆಯ ಹಿಂಬದಿ ಹಲ್ಲಿನ ಕೀವು ಕತ್ತಿಗಿಳಿದರೆ, ಮಾಂಸಪೊರೆಗಳ ನಡುವೆ ಅಂಗಾಂಶವನ್ನು ಕೊಳೆಸುತ್ತ ಹರಡಿ ಎದೆಗೂಡಿನವರೆಗೂ ಹೋಗಬಲ್ಲದು. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಬಾವಿನ ಜೊತೆ ಚರ್ಮ ಕಪ್ಪಾಗುವುದು, ಒತ್ತಿದಾಗ ಚರಚರ ಎನ್ನುವುದು, ಬಾಯಿ ತೆರೆಯಲಾಗದಿರುವುದು, ಉಸಿರಿಗೆ ತೊಂದರೆ ಕಂಡರೆ ಐಸಿಯು ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು.

ಮೊದಲ ಕೆಲಸ ಉಸಿರಿನ ದಾರಿ ಭದ್ರಪಡಿಸುವುದು. ರಕ್ತದ ಮಾದರಿ ತೆಗೆದು ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುಮಾಡಿ, ಕತ್ತಿನಿಂದ ಎದೆಯವರೆಗೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ನಂತರ ತಡಮಾಡದೆ ಶಸ್ತ್ರಚಿಕಿತ್ಸೆ. ಸತ್ತ ಅಂಗಾಂಶ ಕತ್ತರಿಸಲೇಬೇಕು, ಆಕ್ಸಿಜನ್ ಚೇಂಬರ್ (ರೋಗಿಯನ್ನು ಒಳಗಿಟ್ಟು ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಡುವ ಮುಚ್ಚಿದ ಕೋಣೆ) ಅದಕ್ಕೆ ಜೀವ ಕೊಡದು. ಚೇಂಬರಿಗಾಗಿ ಕಾದು ಶಸ್ತ್ರಚಿಕಿತ್ಸೆ ಮುಂದೂಡುವುದು ಪ್ರಾಣಕ್ಕೆ ಎರವಾಗುವ ತಪ್ಪು. ಈ ಸೋಂಕಿನಲ್ಲಿ ಚೇಂಬರಿನ ಲಾಭಕ್ಕೆ ಗಟ್ಟಿ ಪುರಾವೆಯೂ ಇನ್ನೂ ಕಡಿಮೆಯೇ. ಹಾಗಾಗಿ ಅದು ಜೊತೆಗಿನ ಚಿಕಿತ್ಸೆ ಮಾತ್ರ.

ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದಾಗ ಅದು ರಕ್ತದ ನೀರಿನಂಶದಲ್ಲೇ ಹೆಚ್ಚು ಕರಗುತ್ತದೆ. ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲು ಆಕ್ಸಿಜನ್ ಬೇಕು. ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಅದೇ ವಿಷ.

ಸಾಮಾನ್ಯವಾಗಿ 2ರಿಂದ 2.5 ಪಟ್ಟು ವಾತಾವರಣ ಒತ್ತಡದಲ್ಲಿ ಸುಮಾರು 90 ನಿಮಿಷ, ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಬಾರಿ, ಆಮೇಲೆ ಒಮ್ಮೆ. ನಡುನಡುವೆ 5 ನಿಮಿಷ ಮಾಮೂಲಿ ಗಾಳಿ ಕೊಡುತ್ತಾರೆ. ಆಕ್ಸಿಜನ್ ಮಿತಿಮೀರಿದರೆ ಫಿಟ್ಸ್ ಬರಬಹುದು.

ಒಳಗೆ ಕಳಿಸುವ ಮುನ್ನ ಎದೆಯ ಎಕ್ಸ್‌ರೇ ನೋಡಲೇಬೇಕು. ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡಿದ್ದು ಅದನ್ನು ಟ್ಯೂಬ್ ಹಾಕಿ ತೆಗೆಯದಿದ್ದರೆ ಚೇಂಬರ್ ನಿಷಿದ್ಧ. ಹತ್ತಿ ಬಟ್ಟೆ ಮಾತ್ರ. ಎಣ್ಣೆ, ಮುಲಾಮು, ಮೊಬೈಲ್ ಹೊರಗಿರಲಿ, ಬೆಂಕಿಯ ಭಯವಿದೆ. ಸಕ್ಕರೆ ಮಟ್ಟ ಒಳಗೆ ಕುಸಿಯಬಹುದು, ಆದ್ದರಿಂದ ಮೊದಲೂ ನಂತರವೂ ಪರೀಕ್ಷಿಸಬೇಕು.

ಗಂಟಲಿನಲ್ಲಿ ಟ್ಯೂಬ್ ಇರುವ ರೋಗಿಗೆ ಒಂದು ಸಣ್ಣ ಕೆಲಸ ಮರೆಯಬಾರದು: ಟ್ಯೂಬಿನ ಸುತ್ತಲಿನ ಪುಟ್ಟ ಬಲೂನಾದ ಕಫ್‌ನಲ್ಲಿರುವ ಗಾಳಿ ತೆಗೆದು ಸಲೈನ್ ತುಂಬುವುದು. 10 ಮಿಲಿ ಗಾಳಿ 2.4 ಪಟ್ಟು ಒತ್ತಡದಲ್ಲಿ ಸುಮಾರು 4 ಮಿಲಿಗೆ ಕುಗ್ಗಿ, ಕಫ್ ಪಕ್ಕದಿಂದ ಗಾಳಿ ಸೋರುತ್ತದೆ. ಒಳಗೇ ಗಾಳಿ ಸೇರಿಸಿದರೆ, ಒತ್ತಡ ಇಳಿಸುವಾಗ ಅದು ಹಿಗ್ಗಿ ಶ್ವಾಸನಾಳವನ್ನು ಅದುಮುತ್ತದೆ. ಪ್ರಜ್ಞೆಯಿಲ್ಲದ ರೋಗಿ ನುಂಗಿ ಕಿವಿಯ ಒತ್ತಡ ಸರಿಮಾಡಿಕೊಳ್ಳಲಾರ, ಆಗ ಕಿವಿತಮಟೆಯಲ್ಲಿ ಸಣ್ಣ ರಂಧ್ರ ಮಾಡಬೇಕಾದೀತು.

ಪ್ರತಿ ಸರದಿಯ ನಂತರ ಗಾಯದ ಅಂಚು ನೋಡಿ. ಕಪ್ಪು ಇನ್ನೂ ಹರಡುತ್ತಿದ್ದರೆ ಮುಂದಿನ ಸರದಿ ಬಿಟ್ಟು ರೋಗಿಯನ್ನು ಆಪರೇಷನ್ ಥಿಯೇಟರ್‌ಗೇ ಕರೆದೊಯ್ಯಬೇಕು.