ಬಿಟ್ಟು ಬಿಟ್ಟು ಹಾರಿಯೇ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತೆಗೆದೆ: ಬೆಳಗಾವಿಯಿಂದ ಒಂದು ಖರ್ಚಿನ ಲೆಕ್ಕ

"ಪೂರ್ತಿ ದುಡ್ಡು ಕೈಯಲ್ಲಿ ಇಟ್ಕೊಂಡು ಒಂದೇ ದಮ್ಮಿಗೆ 200 ಗಂಟೆ ಹಾರಾಟ ಮುಗಿಸು, ಇಲ್ಲಾಂದ್ರೆ ಕೈ ಹಾಕಬೇಡ." ಪೈಲಟ್ ಆಗೋದು ಹೇಗೆ ಅಂತ ನಾನು ಯಾರನ್ನೇ ಕೇಳಿದರೂ ಇದನ್ನೇ ಹೇಳಿದರು. ಆಗ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಪ್ರೋಗ್ರಾಮರ್. ಪೂರ್ತಿ ದುಡ್ಡು ಎಲ್ಲಿಂದ ತರೋದು? ಮೂರು ಕಂತಿನಲ್ಲಿ ಹಾರಿದೆ. ಕಂತಿನ ನಡುವೆ ಮತ್ತೆ ಅದೇ ಮಷಿನ್ ಮುಂದೆ ಹೋಗಿ ನಿಂತು ದುಡಿದೆ. ಈಗ ಲೈಸೆನ್ಸ್ ಕೈಯಲ್ಲಿದೆ. ಮಲ್ಟಿ ಇಂಜಿನ್ ರೇಟಿಂಗ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಮೀಟರ್ ನೋಡಿಯೇ ಹಾರುವ ಅನುಮತಿ) ಎಲ್ಲ ಸೇರಿ ಖರ್ಚು 37 ಲಕ್ಷದ ಆಸುಪಾಸು. ನನ್ನ ಜೊತೆ ಶುರು ಮಾಡಿದವರಲ್ಲಿ 50 ಲಕ್ಷ ದಾಟಿದವರೂ ಇದ್ದಾರೆ.

ಕ್ಲಾಸ್ 1 ಮೆಡಿಕಲ್ (ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ) ಆಗೋ ಮೊದಲು ಯಾವ ಸ್ಕೂಲಿಗೂ ಫೀ ಕಟ್ಟಬೇಡಿ. ನಾನು ಡಿಪ್ಲೊಮಾದವನು, ಲೈಸೆನ್ಸ್‌ಗೆ ಬೇಕಿದ್ದ ಪಿಯುಸಿ ಇರಲಿಲ್ಲ. ಎನ್‌ಐಒಎಸ್ ಎಂಬ ಮುಕ್ತ ಶಾಲೆಯಲ್ಲಿ ಫಿಸಿಕ್ಸ್, ಗಣಿತ ಬರೆದು ಅದನ್ನು ಸರಿ ಮಾಡಿಕೊಂಡೆ. ಖರ್ಚು ತೀರಾ ಕಡಿಮೆ.

ಮೊದಲ ಪೆಟ್ಟು ಬಿದ್ದಿದ್ದು ಬೇರೆ ರಾಜ್ಯದ ಒಂದು ಸ್ಕೂಲಿನಿಂದ. ರಿಜಿಸ್ಟ್ರೇಷನ್ ಅಂತ ಒಂದೂವರೆ ಲಕ್ಷ ಕಟ್ಟಿಸಿಕೊಂಡರು. ಆಮೇಲೆ ಅರ್ಧ ಫೀ ಮುಂಗಡ ಕೊಡಿ ಅಂದರು. ಅವರ ಹತ್ತಿರ ಹಾರುವ ಸ್ಥಿತಿಯಲ್ಲಿದ್ದ ವಿಮಾನ ಎರಡೇ, ಕ್ಯೂನಲ್ಲಿ ಹುಡುಗರು ಎಷ್ಟೋ. ಮುಂಗಡ ಕೊಡಲಿಲ್ಲ, ಹೊರಟು ಬಂದೆ. ಆ ಒಂದೂವರೆ ಲಕ್ಷ ಇವತ್ತಿಗೂ ವಾಪಸ್ ಬಂದಿಲ್ಲ. ಆಗಲೇ ಗಟ್ಟಿ ಮಾಡಿಕೊಂಡೆ: ಹಾರಿದಷ್ಟಕ್ಕೇ ದುಡ್ಡು. ನಮ್ಮ ಬೆಳಗಾವಿ ವಿಮಾನ ನಿಲ್ದಾಣ ಇರುವ ಸಾಂಬ್ರಾದಲ್ಲಿ ಟ್ರೇನಿಂಗ್ ಶುರುವಾಗಿದ್ದು ನನ್ನಂಥವನಿಗೆ ದೊಡ್ಡ ಅನುಕೂಲ. ಮನೆ ಊಟ, ಸ್ವಂತ ಬೈಕು. ಹಾಸ್ಟೆಲ್, ಮೆಸ್ ಖರ್ಚಿನಲ್ಲೇ ಎರಡು ಮೂರು ಲಕ್ಷ ಉಳಿಯಿತು.

ಬಿಟ್ಟು ಬಿಟ್ಟು ಹಾರಿದರೆ ಕೈ ಮರೆತು ಹೋಗುತ್ತೆ ಅನ್ನೋದು ನಿಜ. ಆದರೆ ಎಲ್ಲಿ ಬಿಡ್ತೀರಿ ಅನ್ನೋದು ಮುಖ್ಯ. ಸೋಲೋ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರೋದು) ಹತ್ತಿರ ಬಂದಾಗ ನಿಲ್ಲಿಸಿದರೆ ಹತ್ತು ಗಂಟೆ ಹಾಳು. ಸೋಲೋ ಆಗಿ, ಸರ್ಕ್ಯೂಟ್ (ರನ್‌ವೇ ಸುತ್ತ ಹಾರಿ ಇಳಿಯುವ ಅಭ್ಯಾಸ) ಗಟ್ಟಿಯಾಗಿ, ಸುಮಾರು 60 ಗಂಟೆ ಆದ ಮೇಲೆ ನಾನು ಮೊದಲ ಸಲ ನಿಲ್ಲಿಸಿದೆ. ಎರಡನೇ ಸಲ, ಕ್ರಾಸ್ ಕಂಟ್ರಿ (ಊರು ಬಿಟ್ಟು ದೂರ ಹಾರೋದು) ಬಹುಪಾಲು ಮುಗಿದ ಮೇಲೆ. ಎರಡು ಸಲವೂ ಜೂನ್‌ನಲ್ಲೇ. ಬೆಳಗಾವಿ ಮಳೆ ನಿಮಗೆ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗೇ ಇರುತ್ತೆ. ಆ ನಾಲ್ಕು ತಿಂಗಳು ಉಳಿದವರೂ ರೂಮ್ ಬಾಡಿಗೆ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂತಿದ್ದರು. ನಾನು ಸಂಬಳ ಎಣಿಸುತ್ತಿದ್ದೆ, ಸಂಜೆ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ) ಪರೀಕ್ಷೆಗಳಿಗೆ ಓದುತ್ತಿದ್ದೆ. ಕೋಚಿಂಗ್‌ಗೆ ಹೋಗಲಿಲ್ಲ. ನ್ಯಾವಿಗೇಷನ್ ಒಂದು ಸಲ ಕೈಕೊಟ್ಟಿತು, 70 ಬೇಕಿದ್ದಲ್ಲಿ 66 ಬಂತು.

ಆದರೆ ಕೊನೆ ಕಂತನ್ನು ತುಂಡು ಮಾಡಬಾರದು. ಲೈಸೆನ್ಸ್‌ಗೆ ಅರ್ಜಿ ಹಾಕುವ ಮೊದಲಿನ ಆರು ತಿಂಗಳಲ್ಲಿ 15 ಗಂಟೆ ಪಿಐಸಿ (ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತವನು) ಆಗಿ ಹಾರಿರಬೇಕು, ಸ್ಕಿಲ್ ಟೆಸ್ಟ್‌ಗಳೂ ಹೊಸದಾಗಿರಬೇಕು. ನೈಟ್, ಇನ್‌ಸ್ಟ್ರುಮೆಂಟ್, ಮಲ್ಟಿ ಎಲ್ಲ ಅಲ್ಲೇ ಬಂದು ಕೂರುತ್ತವೆ. ಅಲ್ಲಿ ದುಡ್ಡು ಖಾಲಿಯಾಗಿ ನಿಂತವರು ಅದನ್ನೇ ಮತ್ತೆ ಹಾರಬೇಕಾಗುತ್ತೆ. ಹಾಗಾಗಿ ಬ್ಯಾಂಕ್ ಸಾಲವನ್ನು ಕೊನೆ ಕಂತಿಗೇ ಮೀಸಲಿಟ್ಟೆ. ಮಂಜೂರಾತಿ ಪತ್ರ ಕೈಗೆ ಬರುವವರೆಗೂ ಮೂರನೇ ಕಂತಿಗೆ ಕಾಲಿಡಲಿಲ್ಲ.

ಆ ಪತ್ರ ಸುಲಭಕ್ಕೆ ಬರಲಿಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಬೇಕು. ಅಪ್ಪನ ಹೆಸರಲ್ಲಿ ಬೈಲಹೊಂಗಲ ಕಡೆ ಮೂರು ಎಕರೆ ಕಬ್ಬಿನ ಹೊಲ ಇದೆ. ಮ್ಯಾನೇಜರ್ ಉತಾರ (ಪಹಣಿ) ನೋಡಿ, "ಹೊಲ ಬೇಡ, ಎನ್‌ಎ (ಕೃಷಿಯೇತರ) ಆಗಿರೋ ಜಾಗ ತನ್ನಿ" ಅಂದರು. ನಾವು ತಗೊಂಡಿದ್ದ ಎರಡು ಗುಂಟೆ ಪ್ಲಾಟು ಎನ್‌ಎ ಆಗಿರಲಿಲ್ಲ. ಕೊನೆಗೆ ಕಾಕಾ ತಮ್ಮ ಪ್ಲಾಟಿನ ಕಾಗದ ತಂದು ಟೇಬಲ್ ಮೇಲೆ ಇಟ್ಟರು. "ಪ್ಲಾಟ್ ಏನ್ ಓಡಿ ಹೋಗೂದಿಲ್ಲ, ಇಡೋ ತಮ್ಮಾ" ಅಂದರು. 18 ಲಕ್ಷ ಮಂಜೂರಾಯಿತು. ಅದನ್ನೂ ಒಟ್ಟಿಗೆ ಬಿಡಿಸಿಕೊಳ್ಳಲಿಲ್ಲ. ಸ್ಕೂಲಿನ ಡಿಮ್ಯಾಂಡ್ ಲೆಟರ್ ಬಂದಾಗ ಅಷ್ಟಷ್ಟೇ. ಬಿಡಿಸಿಕೊಂಡ ದುಡ್ಡಿಗೆ ಮಾತ್ರ ಬಡ್ಡಿ.

ಉಳಿದದ್ದು ಹೀಗೆ: ಉಳಿತಾಯ 11 ಲಕ್ಷ ಚಿಲ್ಲರೆ, ನಡುವಿನ ದುಡಿಮೆ ನಾಲ್ಕು, ಫ್ಯಾಕ್ಟರಿ ಗೆಳೆಯರ ಭಿಶಿಯಿಂದ (ಚೀಟಿ) ನಾಲ್ಕು. ಭಿಶಿಯನ್ನು ಯಾವ ತಿಂಗಳು ಎತ್ತಿದರೆ ಲಾಭ ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಇನ್ನೊಂದು ದೊಡ್ಡ ಉಳಿತಾಯ ಜಿಎಸ್‌ಟಿ. ಮೊದಲಿನ ಕೊಟೇಷನ್‌ನಲ್ಲಿ 18% ಸೇರಿಸಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ವಿಷಯ ಸ್ಪಷ್ಟ ಮಾಡಿತು. ಡಿಜಿಸಿಎ ಒಪ್ಪಿಗೆ ಇರುವ ಸ್ಕೂಲು ನಡೆಸುವ, ಡಿಜಿಸಿಎ ಒಪ್ಪಿದ ಕೋರ್ಸಿಗೆ ಜಿಎಸ್‌ಟಿ ಇಲ್ಲ. ಸುತ್ತೋಲೆ ಪ್ರಿಂಟ್ ಹಾಕಿಸಿ ಅಕೌಂಟ್ಸ್‌ನವರ ಮುಂದೆ ಇಟ್ಟೆ. ಆ ಸಾಲು ಕೊಟೇಷನ್‌ನಿಂದ ಹೋಯಿತು.

ಇನ್ನು ಗಂಟೆಯ ಲೆಕ್ಕ. ಬಿಲ್ ಚಾಕ್ಸ್ (ಚಕ್ರಕ್ಕೆ ಕೊಡುವ ಅಡ್ಡಗಟ್ಟೆ) ತೆಗೆದಾಗಿನಿಂದ ಚಾಕ್ಸ್ ಹಾಕುವವರೆಗೆ. ಸಾಂಬ್ರಾದಲ್ಲಿ ಪ್ಯಾಸೆಂಜರ್ ವಿಮಾನ ಇಳಿಯುವ ಹೊತ್ತಿಗೆ ಹೊರಟರೆ ರನ್‌ವೇಗೆ ಮೊದಲು ಕಾಯುವ ಹೋಲ್ಡಿಂಗ್ ಪಾಯಿಂಟ್‌ನಲ್ಲಿ ಇಂಜಿನ್ ತಿರುಗುತ್ತಾ ನಿಂತಿರುತ್ತೀರಿ. ಗಂಟೆಗೆ 14 ಸಾವಿರ ಅಂದರೆ ಹತ್ತು ನಿಮಿಷಕ್ಕೆ 2,300 ರೂಪಾಯಿ, ಕಲಿತಿದ್ದು ಏನೂ ಇಲ್ಲ. ವಿಮಾನಗಳ ಟೈಮ್ ಟೇಬಲ್ ಫೋನಿನಲ್ಲಿ ಇಟ್ಟುಕೊಂಡು ಬೆಳಗಿನ ಮೊದಲ ಸ್ಲಾಟೇ ಕೇಳುತ್ತಿದ್ದೆ. ಆಗ ಗಾಳಿಯೂ ಶಾಂತ, ಲ್ಯಾಂಡಿಂಗ್ ಬೇಗ ಕೂರುತ್ತೆ. ಆ ಸ್ಲಾಟ್ ನನಗೇ ಹೇಗೆ ಸಿಗುತ್ತಿತ್ತು ಅಂತ ಈಗಿನ ಹುಡುಗರು ಕೇಳ್ತಾರೆ, ಹೇಳಲ್ಲ.

ಹಾರಿದ ಪ್ರತಿ ಗಂಟೆಯೂ ಲಾಗ್‌ಬುಕ್ಕಿನ ಎರಡು ಕಾಲಂಗೆ ಉಪಯೋಗ ಆಗಬೇಕು. ಸಿಪಿಎಲ್‌ಗೆ 100 ಗಂಟೆ ಪಿಐಸಿ ಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ 50 ಗಂಟೆ ಪಿಐಸಿ ಕ್ರಾಸ್ ಕಂಟ್ರಿ ಬೇಕು. ಸೋಲೋ ಅಂತ ಸುಮ್ನೆ ಊರ ಮೇಲೆ ಸುತ್ತಿದರೆ ಆ 50 ತುಂಬಲ್ಲ. ಸರ್ಕ್ಯೂಟ್ ಗಟ್ಟಿಯಾದ ಮೇಲೆ ನನ್ನ ಪಿಐಸಿ ಬಹುಪಾಲು ಕ್ರಾಸ್ ಕಂಟ್ರಿಯೇ. ಸಿಪಿಎಲ್‌ಗೆ ಬೇಕಾದ 300 ನಾಟಿಕಲ್ ಮೈಲಿಯ ದೊಡ್ಡ ಹಾರಾಟಕ್ಕೆ ಕಲಬುರಗಿ, ಹುಬ್ಬಳ್ಳಿ ಮುಟ್ಟಿ ಬಂದರೆ ಸಾಕು. ಅದಕ್ಕಿಂತ ದೂರ ಹೋಗಬೇಕಿಲ್ಲ.

ಕೆಲಸಕ್ಕೆ ಹೋಗುತ್ತಿದ್ದ ತಿಂಗಳುಗಳಲ್ಲಿ ಕೈ ಮರೆಯದಿರಲು ಒಂದು ಪ್ರಯೋಗ ಮಾಡಿದೆ. ನಾವು ಕಲಿಯುವ ಸಣ್ಣ ವಿಮಾನ ಸೆಸ್ನಾದ ಕಾಕ್‌ಪಿಟ್‌ನ ಫೋಟೋವನ್ನು ಅದರ ಅಳತೆಗೇ ಫ್ಲೆಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದೆ. ಅಂಗಡಿಯವನು 400 ರೂಪಾಯಿ ತಗೊಂಡ. ಫ್ಯಾಕ್ಟರಿಯ ಸ್ಕ್ರಾಪ್ ಅಲ್ಯೂಮಿನಿಯಂನಲ್ಲಿ ಥ್ರಾಟಲ್, ಮಿಕ್ಸ್ಚರ್ ನಾಬ್, ಟ್ರಿಮ್ ವೀಲ್ ನಾನೇ ಮಾಡಿಕೊಂಡೆ. ದಿನಾ ರಾತ್ರಿ ಅರ್ಧ ಗಂಟೆ ಕುರ್ಚಿಯಲ್ಲಿ ಕೂತು ಚೆಕ್‌ಲಿಸ್ಟ್ ಜೋರಾಗಿ ಹೇಳುತ್ತಾ ಕೈ ಆಡಿಸುತ್ತಿದ್ದೆ. ತಂಗಿ ಎಟಿಸಿ (ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ಹೇಳುವವರು) ಆಗುತ್ತಿದ್ದಳು. ಆರ್‌ಟಿಆರ್ (ವಿಮಾನದ ರೇಡಿಯೋ ಬಳಸುವ ಲೈಸೆನ್ಸ್) ಮೌಖಿಕದಲ್ಲಿ ಒಂದು ಸಲ ಫೇಲಾದವನು ಅವಳ ದಯದಿಂದ ಪಾಸಾದೆ. ಕಂಪ್ಯೂಟರ್ ಸಿಮ್ಯುಲೇಟರ್‌ಗೂ ಹತ್ತು ಹನ್ನೆರಡು ಸಾವಿರ ಹಾಕಿದ್ದೆ. ಇನ್‌ಸ್ಟ್ರುಮೆಂಟ್ ಸ್ಕ್ಯಾನ್‌ಗೆ (ಮೀಟರ್‌ಗಳ ಮೇಲೆ ಕಣ್ಣಾಡಿಸೋದು) ಚೆನ್ನಾಗಿತ್ತು, ಫ್ಲೇರ್‌ಗೆ (ನೆಲ ಮುಟ್ಟುವ ಮುನ್ನ ಮೂತಿ ಎತ್ತೋದು) ಮಾತ್ರ ಉಪಯೋಗಕ್ಕೆ ಬರಲಿಲ್ಲ. ಆ ಅಂದಾಜು ಸ್ಕ್ರೀನಿನಲ್ಲಿ ಸಿಗಲ್ಲ. ಎರಡನೇ ಕಂತಿಗೆ ವಾಪಸ್ ಬಂದಾಗ ಮೂರನೇ ಹಾರಾಟಕ್ಕೇ ಇನ್‌ಸ್ಟ್ರಕ್ಟರ್ ಮತ್ತೆ ಸೋಲೋ ಬಿಟ್ಟರು. ಕೈ ಮರೆಯುತ್ತೆ ಅಂದವರಿಗೆ ಆ ಲಾಗ್‌ಬುಕ್ ಪುಟವನ್ನೇ ತೋರಿಸಿದೆ.

ಟೈಪ್ ರೇಟಿಂಗ್‌ಗೆ (ಒಂದು ಮಾದರಿಯ ದೊಡ್ಡ ವಿಮಾನ ಹಾರಿಸುವ ಅನುಮತಿ) ಈಗಲೇ ಇನ್ನೊಂದು ಸಾಲ ಮಾಡಲ್ಲ. ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್‌ಗೆ ತಯಾರಿ ನಡೆದಿದೆ. ಅದಾದರೆ ಗಂಟೆಯೂ ಬರುತ್ತೆ, ಸಂಬಳವೂ ಬರುತ್ತೆ. ಮೊದಲು ಕಾಕಾನ ಪ್ಲಾಟು ಬಿಡಿಸಬೇಕು.