ಹಲ್ಲು ಕಟ್ಟಿಸಿ ಸಕ್ಕರೆ ಇಳಿಸಿದ ಬಗೆ: ನನ್ನ ಅನುಭವ

ಹಲ್ಲಿಲ್ಲದ ಹಿರಿಯರಿಗೆ ಕೃತಕ ಹಲ್ಲಿನ ಸೆಟ್ಟು ಕಟ್ಟಿದರೆ ರಕ್ತದ ಸಕ್ಕರೆಯೂ ಇಳಿಯಬಹುದೆಂದು ನಾನು ಹೇಳಿದಾಗ ದಾವಣಗೆರೆಯ ವೈದ್ಯ ಮಿತ್ರರಲ್ಲಿ ಯಾರೂ ನಂಬಲಿಲ್ಲ. 2023ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಇಸ್ತಾಂಬುಲ್‌ನ ಅಧ್ಯಯನವನ್ನು ಮುಂದಿಟ್ಟೆ. ಟೈಪ್ 2 ಮಧುಮೇಹದ 94 ಮಂದಿಯಲ್ಲಿ ಚೆನ್ನಾಗಿ ಅಗಿಯಬಲ್ಲವರ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆ) ಸರಾಸರಿ ಶೇ. 7.48 ಇದ್ದರೆ, ಅಗಿಯಲಾರದವರದು 9.42 ಇತ್ತು. ಎರಡೂ ಜೊತೆಗಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂದು ಆ ಮಿತ್ರರು ಹೇಳಿದರು. ಆ ಆಕ್ಷೇಪ ನ್ಯಾಯವಾದದ್ದೇ.

ಸೆಟ್ಟು ಕಟ್ಟಿಕೊಟ್ಟ ಮೊದಲ ಐದಾರು ಮಂದಿಯಲ್ಲಿ ನಾನು ಪೂರ್ತಿ ಸೋತೆ. ಒಬ್ಬರ ಮನೆಗೇ ಹೋಗಿ ನೋಡಿದಾಗ, ತಟ್ಟೆಯಲ್ಲಿ ಹಿಂದಿನಂತೆಯೇ ಮೆತ್ತನೆಯ ಅನ್ನ, ಲೋಟದ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಸೆಟ್ಟು ಮಾತ್ರ ಗೂಡಿನಲ್ಲಿದ್ದ ನೀರಿನ ಡಬ್ಬಿಯಲ್ಲಿ. ಕೆಳದವಡೆ ಸವೆದು ಚಪ್ಪಟೆಯಾಗಿದ್ದವರಲ್ಲಿ ಸೆಟ್ಟು ಏಳುತ್ತಿತ್ತು. ಮೂವರಿಗೆ ಹಣ ಪಡೆಯದೆ ಮತ್ತೆ ಮಾಡಿಕೊಟ್ಟೆ. ಲ್ಯಾಬಿನವರು ಎರಡನೆಯ ಸಲವೂ ಪೂರ್ತಿ ದರ ಹಾಕಿದ್ದರಿಂದ ಹದಿನೈದು ಸಾವಿರದಷ್ಟು ಕೈಯಿಂದಲೇ ಹೋಯಿತು. ಈಗ ಕೆಳಗಿನ ಅಚ್ಚು ತೆಗೆಯುವಾಗ ನಾಲಿಗೆಯನ್ನು ಯಾವ ಕ್ಷಣದಲ್ಲಿ, ಎಷ್ಟು ಎತ್ತಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದು ಹನ್ನೆರಡು ವರ್ಷಗಳ ಗಳಿಕೆ.

ಆ ಬಳಿಕ ಸೆಟ್ಟಿನ ಜೊತೆಗೆ ಊಟವನ್ನೂ ಕಲಿಸತೊಡಗಿದೆ. ಎರಡೂ ಬದಿಯಲ್ಲಿ ಒಟ್ಟಿಗೆ ಅಗಿಯುವುದು, ಮೊದಲು ಬೆಂದ ಹೆಸರುಕಾಳಿನ ಪಲ್ಯ, ಆಮೇಲೆ ಚಿಕ್ಕದಾಗಿ ಮುರಿದ ತೆಳು ಜೋಳದ ರೊಟ್ಟಿ, ಕೊನೆಗೆ ಹಸಿ ಸೌತೆಕಾಯಿಯ ಕೋಸಂಬರಿ. ಹುರಿದ ಶೇಂಗಾ ಐದು ಕಾಳು ಕೊಟ್ಟು, ಇಪ್ಪತ್ತು ಸಲ ಅಗಿಸಿ, ಉಗುಳಿಸಿ, ರವೆ ಜರಡಿಯಲ್ಲಿ ತೊಳೆದು ಉಳಿದ ಚೂರುಗಳನ್ನು ತೂಗುತ್ತೇನೆ. ಚೂರು ಅರ್ಧಕ್ಕಿಂತ ಕಡಿಮೆ ಉಳಿಯುವವರೆಗೆ ರೊಟ್ಟಿಗೆ ಅನುಮತಿ ಕೊಡುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಬ್ಬರಿಗೇ ಅಷ್ಟೇ ಅನ್ನವನ್ನು ಒಂದು ದಿನ ಬೇಗ ನುಂಗಿಸಿ, ಮತ್ತೊಂದು ದಿನ ನುಣ್ಣಗೆ ಅಗಿಸಿ ಉಣ್ಣಿಸಿದಾಗ, ಅಗಿದ ದಿನವೇ ಸಕ್ಕರೆ ತುಸು ಹೆಚ್ಚು ಏರಿತು. ಸಕ್ಕರೆ ಅಳೆಯುವ ಪಟ್ಟಿಗಳಿಗೆ ಎರಡು ಸಾವಿರ ಕಳೆದರೂ, ಲಾಭವಿರುವುದು ಅಗಿಯುವ ಕ್ರಿಯೆಯಲ್ಲಲ್ಲ, ಅಗಿಯಬಲ್ಲವರು ಅನ್ನ ಬಿಟ್ಟು ಕಾಳು, ಸೊಪ್ಪು, ರೊಟ್ಟಿಗೆ ಬರಬಲ್ಲರು ಎಂಬುದರಲ್ಲಿ ಎಂದು ನನಗೆ ಮನವರಿಕೆಯಾಯಿತು.

ಒಂದು ತಪ್ಪನ್ನು ಹೇಳಲೇಬೇಕು. ಅನ್ನ ಅರ್ಧಕ್ಕಿಳಿಸಿದ ಅಜ್ಜರೊಬ್ಬರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಹಿಂದಿನಷ್ಟೇ ನುಂಗುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಮೈಯೆಲ್ಲ ಬೆವತು, ಕೈ ನಡುಗಿ ಕುಸಿದರು. ಮನೆಯವರು ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದರು. ಅಂದಿನಿಂದ ಮಾತ್ರೆ ಬರೆಯುವ ವೈದ್ಯರೊಡನೆ ಮಾತಾಡದೆ ಯಾರ ಊಟವನ್ನೂ ಬದಲಿಸಿಲ್ಲ.

ಜಗಳೂರಿನ ಕಡೆಯ ಅಜ್ಜಿಯೊಬ್ಬರ ಎಚ್‌ಬಿಎ1ಸಿ ಆರೇಳು ತಿಂಗಳಲ್ಲಿ 9.5ರ ಆಸುಪಾಸಿನಿಂದ 8ರ ಕೆಳಗೆ ಬಂತು, ಮಾತ್ರೆ ಹೆಚ್ಚಿಸಿರಲಿಲ್ಲ. ಮೊದಲು ಅನುಮಾನಿಸಿದ್ದ ಮಿತ್ರರೊಬ್ಬರು ಕಳೆದ ತಿಂಗಳು ತಮ್ಮ ತಾಯಿಯನ್ನೇ ಕರೆತಂದಿದ್ದಾರೆ; ಆ ತಾಯಿ ಈಗ ಹೆಸರುಕಾಳಿನ ಹಂತದಲ್ಲಿದ್ದಾರೆ, ಶೇಂಗಾ ಪರೀಕ್ಷೆ ಮುಂದಿನ ವಾರವಿದೆ.