ಟರ್ಬೊ ಉಳಿಯುವುದು ಆಯಿಲ್‌ನಿಂದ

ಮನೆ ದಾವಣಗೆರೆ, ಕೆಲಸ ಚಿತ್ರದುರ್ಗ. ವಾರದ ಬಹುಪಾಲು ದಿನ ಆನಗೋಡು, ಹೆಬ್ಬಾಳು ಟೋಲ್, ಭರಮಸಾಗರ ದಾಟಿ ಹೋಗಿ ಬರುತ್ತೇನೆ. ಒಂದು ಕಡೆಗೆ 60 ಕಿ.ಮೀ. ಆಸುಪಾಸು. ಕಾರು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ತೆಗೆದುಕೊಂಡಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಟರ್ಬೊ ಹೋದ್ರೆ ಜೇಬು ಖಾಲಿ ಆಗುತ್ತೆ ನೋಡು." ಆ ಹೆದರಿಕೆಯಲ್ಲಿ ಅರ್ಧ ನಿಜ ಇದೆ. ಟರ್ಬೊ ದುಬಾರಿ ಸಾಮಾನು, ಒಪ್ಪುತ್ತೇನೆ. ಆದರೆ ಅದು ತಾನಾಗಿಯೇ ಕೆಡುವುದು ಕಡಿಮೆ. ಅದಕ್ಕೆ ಹೋಗುವ ಆಯಿಲ್ ಕೆಟ್ಟು, ಆಮೇಲೆ ಅದು ಕೆಡುವುದೇ ಜಾಸ್ತಿ. ಆಯಿಲ್ ನೋಡಿಕೊಳ್ಳುವ ಕೆಲಸ ಮನೆ ಮುಂದೆಯೇ ಮಾಡಬಹುದು. ನಾನು ಮಾಡುತ್ತಿರುವುದೂ ಅದನ್ನೇ.

ಇಷ್ಟು ಸಣ್ಣ ಎಂಜಿನ್ನಿಗೆ ಟರ್ಬೊ ಯಾಕೆ ಬಂತು ಅನ್ನುವುದಕ್ಕೆ ತೆರಿಗೆಯೂ ಒಂದು ಕಾರಣ. ನಮ್ಮಲ್ಲಿ ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ ಇದ್ದರೆ ತೆರಿಗೆ ಕಡಿಮೆ. ಹಾಗಾಗಿಯೇ 998, 999, 1199 ಅನ್ನುವ ಸಿಸಿಗಳು. ಅಷ್ಟು ಸಣ್ಣ ಎಂಜಿನ್ನಿನಿಂದಲೇ ಜಾಸ್ತಿ ಶಕ್ತಿ ತೆಗೆಯಲು ಟರ್ಬೊ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ 999 ಸಿಸಿ ಟರ್ಬೊ ಜೊತೆ ಬಂತು. 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ. 2020ರಲ್ಲಿ ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂದ ಮೇಲೆ ಎಷ್ಟೋ ಸಣ್ಣ ಡೀಸೆಲ್ ಕಾರುಗಳೇ ನಿಂತುಹೋದವು. ಡೀಸೆಲ್ ಓಡಿಸುತ್ತಿದ್ದ ನಮ್ಮಂಥವರು ಈ ಕಡೆ ಬಂದೆವು, ಡೀಸೆಲ್ ಅಭ್ಯಾಸಗಳನ್ನೂ ಜೊತೆಗೇ ತಂದೆವು. ಆ ಅಭ್ಯಾಸದ ವಿಷಯ ಮುಂದೆ ಹೇಳುತ್ತೇನೆ.

ಮೊದಲು ಟರ್ಬೊ ಒಳಗೆ ಏನಾಗುತ್ತದೆ ನೋಡಿ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ಹೋಗುತ್ತದೆ. ಪೆಟ್ರೋಲ್ ಎಂಜಿನ್ ಜೋರಾಗಿ ದುಡಿಯುವಾಗ ಆ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇಷ್ಟು ಬಿಸಿ, ಇಷ್ಟು ವೇಗದ ನಡುವೆ ಶಾಫ್ಟನ್ನು ಹಿಡಿದಿರುವುದು ಆಯಿಲಿನ ತೆಳುವಾದ ಪದರ ಮಾತ್ರ. ಅದೇನು ಟರ್ಬೊಗೇ ಬೇರೆ ಆಯಿಲ್ ಅಲ್ಲ. ಎಂಜಿನ್ನಿಗೆ ಹಾಕುವ ಮೂರೂವರೆ ನಾಲ್ಕು ಲೀಟರಿನಲ್ಲೇ ಒಂದು ಸಣ್ಣ ಪೈಪಿನಲ್ಲಿ ಅಲ್ಲಿಗೂ ಹೋಗಿ ಬರುತ್ತದೆ. ಆಯಿಲ್ ಕರಿ ಕಟ್ಟಿದರೆ ಮೊದಲು ಕಟ್ಟಿಕೊಳ್ಳುವುದು ಆ ಪೈಪೇ.

ಅದಕ್ಕೇ ಆಯಿಲ್ ಬದಲಿಸುವುದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಕಂಪನಿಯ ಪುಸ್ತಕದಲ್ಲಿ 10,000 ಅಥವಾ 15,000 ಕಿ.ಮೀ. ಅಂತ ಇರುತ್ತದೆ. ಅದೇ ಪುಸ್ತಕದಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ: ಧೂಳು ಜಾಸ್ತಿ, ಬಿಸಿಲು ಜಾಸ್ತಿ, ಸಣ್ಣ ಸಣ್ಣ ಓಡಾಟ ಜಾಸ್ತಿ ಇದ್ದರೆ ಬೇಗ ಬದಲಿಸಿ ಅಂತ. ನಮ್ಮ ಜಿಲ್ಲೆಗೆ ಸರಿಹೋಗುವುದು ಆ ಎರಡನೇ ಪಟ್ಟಿಯೇ. ಏಪ್ರಿಲ್, ಮೇ ತಿಂಗಳ ಬಿಸಿಲು ನಮಗೆಲ್ಲ ಗೊತ್ತಲ್ವಾ. ನಾನು 7,000 ಕಿ.ಮೀ. ಆಸುಪಾಸಿಗೆ ಬದಲಿಸುತ್ತೇನೆ.

ಯಾವ ಆಯಿಲ್ ಅನ್ನುವುದರಲ್ಲಿ ಅಂಗಡಿಯವರ ಮಾತು ಕೇಳುವುದಿಲ್ಲ, ಪುಸ್ತಕ ಹೇಳಿದ್ದನ್ನೇ ಹಾಕುತ್ತೇನೆ. ನನ್ನ ಎಂಜಿನ್ನಿಗೆ 5ಡಬ್ಲ್ಯೂ-30 (ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು), ಫುಲ್ ಸಿಂಥೆಟಿಕ್. "ಬಿಸಿಲಿಗೆ ಸ್ವಲ್ಪ ದಪ್ಪ ಹಾಕಿಸಿ" ಅನ್ನುವವರು ಇದ್ದಾರೆ. ಬೇಡ. ದಪ್ಪ ಆಯಿಲ್ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊವರೆಗೆ ತಲುಪುವುದು ತಡ. ಡಬ್ಬದ ಹಿಂದೆ ಎಪಿಐ ಎಸ್‌ಪಿ ಅಂತ ಇದೆಯಾ ನೋಡುತ್ತೇನೆ. 2020ರಲ್ಲಿ ಬಂದ ದರ್ಜೆ ಅದು, ಸಣ್ಣ ಟರ್ಬೊ ಎಂಜಿನ್ನುಗಳ ತೊಂದರೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಇಕೋಸ್ಪೋರ್ಟಿನ ಒಂದು ಲೀಟರ್ ಎಂಜಿನ್ ಇದ್ದವರಂತೂ ಇನ್ನೂ ಹುಷಾರಾಗಿರಬೇಕು. ಅದರ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟೇ ಕಿತ್ತು ಬರುತ್ತದೆ.

ಬದಲಿಸುವ ಕೆಲಸ ಕಷ್ಟದ್ದಲ್ಲ. ಎಂಜಿನ್ ಸ್ವಲ್ಪ ಬೆಚ್ಚಗಿರಬೇಕು, ಸುಡುವಷ್ಟು ಅಲ್ಲ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಡ್ರೈನ್ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಯಲು ಬಿಡಿ, ಕೊನೆಯ ಹನಿ ಬೀಳುವವರೆಗೆ ಕಾಯಿರಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಗಿ ಮಾಡುತ್ತೇನೆ. ಆಯಿಲ್ ಹುಯ್ದು ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷ ಆಕ್ಸಿಲರೇಟರ್ ಮುಟ್ಟುವುದಿಲ್ಲ. ಫಿಲ್ಟರ್ ತುಂಬಿ, ಟರ್ಬೊವರೆಗೆ ಹೋಗಲಿ. ಹಳೇ ಆಯಿಲನ್ನು ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ, ಅಲ್ಲಿಂದ ಒಯ್ಯುವವರು ಇರುತ್ತಾರೆ. ದಯವಿಟ್ಟು ಚರಂಡಿಗೆ ಸುರಿಯಬೇಡಿ.

ಡಿಪ್‌ಸ್ಟಿಕ್ ನೋಡುವಾಗ ಮಟ್ಟದ ಜೊತೆ ವಾಸನೆಯನ್ನೂ ನೋಡಿ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಎರಡು ಮೂರು ಕಿ.ಮೀ. ಮಾತ್ರ ಓಡಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಉರಿಯದ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಆಗ ಮಟ್ಟ ಏರಿದಂತೆ ಕಾಣುತ್ತದೆ, ಮೂಗಿಗೆ ಪೆಟ್ರೋಲ್ ಹೊಡೆಯುತ್ತದೆ. ಅಂಥ ಕಾರನ್ನು ಆಗಾಗ ಹೈವೇಗೆ ಒಯ್ದು ಅರ್ಧ ಗಂಟೆ ಓಡಿಸಿದರೆ ಒಳ್ಳೆಯದು.

ಈಗ ಡೀಸೆಲ್ ಅಭ್ಯಾಸದ ಮಾತು. ಡೀಸೆಲಿನಲ್ಲಿ ಟಾಪ್ ಗೇರಿನಲ್ಲೇ ನಿಧಾನಕ್ಕೆ ಎಳೆಸುತ್ತಿದ್ದೆವು. ಟರ್ಬೊ ಪೆಟ್ರೋಲಿನಲ್ಲಿ, ಅದರಲ್ಲೂ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ, 1,500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಇದೆ. ಒಂದೇ ಒಂದು ಜೋರಾದ ಹೊಡೆತಕ್ಕೆ ಪಿಸ್ಟನ್ ಸೀಳಬಹುದು. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಕಾರು ತುಂಬ ಜನ ಇದ್ದಾಗ ಒಂದು ಗೇರ್ ಇಳಿಸಿ, 2,000ದ ಮೇಲೆ ಇಟ್ಟು ಹತ್ತಿಸುತ್ತೇನೆ. ಎಂಜಿನ್ ಸದ್ದು ಜಾಸ್ತಿ ಆದರೂ ಪರವಾಗಿಲ್ಲ, ಅದಕ್ಕೆ ಆಗ ಕಷ್ಟ ಕಡಿಮೆ.

ಹೈವೇಯಿಂದ ನೇರ ಹೋಟೆಲ್ ಮುಂದೆ ನಿಲ್ಲಿಸಿ ಟಕ್ ಅಂತ ಆಫ್ ಮಾಡುವುದಿಲ್ಲ. ಆಫ್ ಮಾಡಿದ ಕೂಡಲೇ ಆಯಿಲ್ ಹರಿಯುವುದು ನಿಲ್ಲುತ್ತದೆ, ಬಿಸಿ ಮಾತ್ರ ಶಾಫ್ಟಿನ ಕಡೆ ಬರುತ್ತಲೇ ಇರುತ್ತದೆ. ನಿಂತ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಈಗಿನ ಬಹಳಷ್ಟು ಟರ್ಬೊಗಳಿಗೆ ಕೂಲಂಟ್ ಸುತ್ತುತ್ತದೆ, ಕೆಲವದರಲ್ಲಿ ಆಫ್ ಆದ ಮೇಲೂ ಕರೆಂಟ್ ಪಂಪ್ ಓಡುತ್ತದೆ. ಆದರೂ ಒಂದು ನಿಮಿಷ ಐಡಲ್ ಬಿಡುವುದರಿಂದ ನಷ್ಟ ಏನೂ ಇಲ್ಲ. ಊರೊಳಗೆ ನಿಧಾನವಾಗಿ ಬಂದು ನಿಲ್ಲಿಸಿದರೆ ಅದೂ ಬೇಕಿಲ್ಲ, ಅಷ್ಟರಲ್ಲಿ ತಣ್ಣಗಾಗಿರುತ್ತದೆ.

ಧೂಳು ನಮ್ಮ ಕಡೆಯ ದೊಡ್ಡ ಶತ್ರು. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೇ ಕಾಳು ಒಣಹಾಕುತ್ತಾರೆ, ಹೊಟ್ಟು ಹಾರುತ್ತಿರುತ್ತದೆ. ಆ ಸಮಯದಲ್ಲಿ ಏರ್ ಫಿಲ್ಟರ್ ಡಬ್ಬ ತೆಗೆದರೆ ಮಡಿಕೆಗಳ ನಡುವೆ ಹಳದಿ ಹೊಟ್ಟು ಕೂತಿರುತ್ತದೆ. ಏರ್ ಹೊಡೆದು ಮತ್ತೆ ಹಾಕುವುದಿಲ್ಲ. ಒತ್ತಡಕ್ಕೆ ಕಾಗದದಲ್ಲಿ ಸಣ್ಣ ತೂತು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೊಸ ಫಿಲ್ಟರಿಗೆ ಎಷ್ಟಾಗುತ್ತೆ ಮಹಾ! ಫಿಲ್ಟರ್ ತೆಗೆದಾಗ ಅದರ ಆಚೆಗಿನ ಪೈಪಿನೊಳಗೆ ಒಂದು ಬೆರಳು ಆಡಿಸಿ. ಬೆರಳಿಗೆ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಅಷ್ಟು ಸುತ್ತು ಹೊಡೆಯುವ ಚಕ್ರಕ್ಕೆ ಮರಳಿನ ಕಣ ಬಡಿದರೆ ಅಂಚು ಸವೆಯುತ್ತದೆ.

ಒಮ್ಮೆ ಕಾರಿನ ಪಿಕಪ್ ಹೋಯಿತು. ಐಡಲ್ ಚೆನ್ನಾಗಿತ್ತು, ಊರೊಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಒತ್ತಿದರೆ ಬಾನೆಟ್ ಒಳಗಿಂದ ಸುಯ್ ಅನ್ನುವ ಸದ್ದು, ಕಾರು ಮುಂದೆ ಹೋಗದು. ಎಂಜಿನ್ ಲೈಟ್ ಬಂತು. ಕಾರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿದರೆ ಪಿ0299, ಅಂದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸಾಲದು. ಒಂದು ಕಡೆ ತೋರಿಸಿದಾಗ ಪೂರ್ತಿ ಟರ್ಬೊ ಬದಲಿಸಬೇಕು ಅಂದರು. ನಮ್ಮ ಬೀದಿಯಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಸದ್ದಿನ ವಿಷಯ ಕೇಳಿ, "ಟರ್ಬೊ ಆಮೇಲೆ ನೋಡಣ, ಮೊದ್ಲು ಪೈಪ್ ನೋಡ್ರಿ ಅಣ್ಣ" ಅಂದರು.

ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನಿಂದ ಎಂಜಿನ್ನಿನ ಥ್ರಾಟಲ್ ಕಡೆ ಹೋಗುವ ರಬ್ಬರ್ ಹೋಸ್ ಹತ್ತಿರ ಟಾರ್ಚ್ ಹಿಡಿದೆ. ಬಾಗುವ ಜಾಗದ ಕೆಳಭಾಗದಲ್ಲಿ ಜಿಡ್ಡು, ಅದರ ಮೇಲೆ ಧೂಳು ಅಂಟಿ ಕಪ್ಪು ಪಟ್ಟೆ ಆಗಿತ್ತು. ಬಟ್ಟೆಯಲ್ಲಿ ಒರೆಸಿದರೆ ಹೋಸ್ ಚೆನ್ನಾಗೇ ಕಂಡಿತು. ಎರಡೂ ಕೈಯಲ್ಲಿ ಹಿಂಡಿದಾಗ ಮಾತ್ರ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಖಚಿತ ಆಗಲಿ ಅಂತ ಪೈಪಿನ ಬಾಯಿ ಮುಚ್ಚಿ, ಟೈರಿಗೆ ಗಾಳಿ ಹಾಕುವ ಪಂಪಿನಿಂದ 10 ಪಿಎಸ್‌ಐ ಮೀರದಂತೆ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿದೆ. ಸೀಳಿನ ಉದ್ದಕ್ಕೂ ನೊರೆ ಎದ್ದಿತು. ಹೊಸ ಹೋಸ್, ಹೊಸ ಕ್ಲ್ಯಾಂಪ್ ಹಾಕಿ ಕೋಡ್ ಅಳಿಸಿದೆ. ಪಿಕಪ್ ವಾಪಸ್ ಬಂತು. ಟರ್ಬೊ ಇವತ್ತಿಗೂ ಅದೇ ಇದೆ.

ಅಂದಹಾಗೆ, ಆ ಪೈಪುಗಳ ಒಳಗೆ ಸ್ವಲ್ಪ ಆಯಿಲ್ ಜಿಡ್ಡು ಇರುವುದು ಸಹಜ, ಅದನ್ನು ನೋಡಿ ಗಾಬರಿ ಬೇಡ. ಟರ್ಬೊ ಶಾಫ್ಟ್ ಬೆರಳಲ್ಲಿ ಅಲ್ಲಾಡಿಸಿದಾಗ ಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದೂ ಸಹಜ. ಹಿಂದೆ ಮುಂದೆ ಆಡಿದರೆ, ಇಲ್ಲವೇ ರೆಕ್ಕೆ ಗೋಡೆಗೆ ತಾಗಿದರೆ ಆಗ ಚಿಂತೆ. ನಿಜವಾಗಿಯೂ ಬದಲಿಸುವ ಪ್ರಸಂಗ ಬಂದರೆ ಆಯಿಲ್ ಹೋಗುವ ಪೈಪನ್ನೂ ಹೊಸದೇ ಹಾಕಿಸಿ. ಕಟ್ಟಿಕೊಂಡ ಹಳೇ ಪೈಪಿಗೆ ಹೊಸ ಟರ್ಬೊ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕೂಲಂಟಿಗೆ ಬೋರ್‌ವೆಲ್ ನೀರು ಸೇರಿಸಬೇಡಿ. ನಮ್ಮ ಎರಡೂ ಜಿಲ್ಲೆಗಳ ಬೋರ್ ನೀರು ಗಡಸು, ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರ ನೋಡಿದರೆ ಸಾಕು. ಸ್ಪಾರ್ಕ್ ಪ್ಲಗ್ ಪುಸ್ತಕ ಹೇಳಿದ ನಂಬರಿನದ್ದೇ ಇರಲಿ. ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಜಾಸ್ತಿ, ಗ್ಯಾಪ್ ದೊಡ್ಡದಾದರೆ ಕಿಡಿ ಹಾರುವುದಿಲ್ಲ, ಎಳೆಯುವಾಗ ಮಿಸ್ ಹೊಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ನೋಡಲು ಗೆಳೆಯರು ಕರೆದಾಗ ಮೊದಲು ಕೇಳುವುದು ಆಯಿಲ್ ಬದಲಿಸಿದ ಬಿಲ್ಲುಗಳನ್ನು. ಆಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಡುತ್ತೇನೆ. ಒಳಗೆ ಜೇನಿನ ಬಣ್ಣ ಇದ್ದರೆ ಮುಂದಿನ ಮಾತು. ಗಟ್ಟಿ ಕರಿ ಕೆಸರು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ ಅಂತಲೇ ಹೇಳುತ್ತೇನೆ. ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ನನ್ನ ಮುಂದೆಯೇ ಸ್ಟಾರ್ಟ್ ಮಾಡಿಸುತ್ತೇನೆ, ನೀಲಿ ಹೊಗೆ ಬರುತ್ತದಾ ನೋಡಲು. ವೆನ್ಯೂ ಒಂದು ಲೀಟರ್ ಟರ್ಬೊ, ಫೋಕ್ಸ್‌ವ್ಯಾಗನ್ ಟಿಎಸ್ಐ ಥರದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ಇನ್ನೊಂದು ವಿಷಯ ಹೇಳಿರುತ್ತೇನೆ. ಅದರಲ್ಲಿ ಗಾಳಿ ಒಳಗೆ ಬಿಡುವ ಇಂಟೇಕ್ ವಾಲ್ವನ್ನು ಪೆಟ್ರೋಲ್ ತೊಳೆಯುವುದಿಲ್ಲ, ತುಂಬಾ ಓಡಿದ ಮೇಲೆ ಅಲ್ಲಿ ಕರಿ ಕಟ್ಟುತ್ತದೆ. ಟ್ಯಾಂಕಿಗೆ ಹಾಕುವ ಕ್ಲೀನರ್ ಬಾಟಲಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸಿ ವಾಲ್ವ್ ಕ್ಲೀನ್ ಮಾಡಿಸುವ ಖರ್ಚನ್ನು ಕಾರಿನ ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.